ಕುಂಕುಮದ ಕರಡಿಗೆಯಲ್ಲಿದ್ದ ಚಾವಿ

ನನ್ನ ಹೆಂಡತಿಯ ಕೈಗಡಿಯಾರದ ಚಾವಿ ಹೇಗೆ ಮುರಿಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದೇ ಕಥೆ ಇತ್ತು. ಅವ್ವ ಮುರಿದಳು. ಹಾಗೆ ಹೇಳುತ್ತಿದ್ದವಳು ಸ್ವತಃ ಅವ್ವನೇ. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಆ ಕಥೆ ಸುಳ್ಳು. ನಿಜ ಗೊತ್ತಿದ್ದವನು ನಾನೊಬ್ಬನೇ ಎಂದು ಹನ್ನೆರಡು ವರ್ಷ ತಿಳಿದುಕೊಂಡಿದ್ದೆ. ಅದೂ ತಪ್ಪಾಗಿತ್ತು.

ಚಾವಿ ಅಂದರೆ ಗಡಿಯಾರದ ಬಲಬದಿಗಿರುವ ಸಣ್ಣ ಗುಂಡಿ. ಜೋಳದ ಕಾಳಿನಷ್ಟು. ಬೆಳಿಗ್ಗೆ ತಿರುವಿದರೆ ಗಡಿಯಾರ ಒಂದು ದಿನ ನಡೆಯುತ್ತದೆ. ಉಗುರು ಹಾಕಿ ಹೊರಗೆಳೆದು ತಿರುವಿದರೆ ಮುಳ್ಳುಗಳು ಹಿಂದೆ ಮುಂದೆ ಸರಿಯುತ್ತವೆ. ಈ ಎರಡನೆಯ ಕೆಲಸವೇ ನನ್ನನ್ನು ಕೆಡಿಸಿದ್ದು.

ಐವತ್ತಾರರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕಾಗದಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳಿದವು. ನಾನು ಕಲ್ಯಾಣದ ತಹಸೀಲಿನಲ್ಲಿ ಕಾರಕೂನ. ಓದಿದ್ದು ಉರ್ದು ಶಾಲೆಯಲ್ಲಿ. ಮನೆಮಾತು ಕನ್ನಡವೇ ಆದರೂ ಬರೆಯಲು ಕುಳಿತರೆ ಪೆನ್ನು ಹಾಳೆಯ ಬಲ ಅಂಚಿಗೆ ಹೋಗಿ ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಕನ್ನಡ ಶಾಲೆಗಳಿಗೆ ಕಲಿಸುವವರು ಸಾಲದಾಗಿ, ಓದಿದ ಹೆಣ್ಣುಮಕ್ಕಳನ್ನು ಹುಡುಕಿ ಕರೆದು ಕೆಲಸ ಕೊಟ್ಟರು. ದುಬಲಗುಂಡಿಯ ಒಕ್ಕಲುತನದ ಮನೆಯ ಈಕೆ ಹಾಗೆ ಹುಮನಾಬಾದದ ಹೆಣ್ಣುಮಕ್ಕಳ ಶಾಲೆಗೆ ಬಂದಳು. ಕೆಲವು ವರ್ಷಗಳ ನಂತರ ನಮ್ಮ ಮದುವೆಯಾಯಿತು. ನನ್ನ ಕನ್ನಡವನ್ನು ತಿದ್ದಿದವಳು ಅವಳೇ. ನಾನು ಕಥೆ ಬರೆಯುವವನಾಗಿದ್ದು ಆ ಕೆಂಪು ಶಾಯಿಯಿಂದ. ಕೆಂಪು ಶಾಯಿ ಎಂದೆ. ಪೆನ್ಸಿಲ್ ಇದ್ದರೂ ಇರಬಹುದು. ಆ ಹಾಳೆಗಳು ಈಗಿಲ್ಲ.

ಮದುವೆಯಾದರೂ ಅವಳು ಕೆಲಸ ಬಿಡಲಿಲ್ಲ. ವಾರವಿಡೀ ಹುಮನಾಬಾದದಲ್ಲಿ ಒಂದು ಖೋಲಿ ಹಿಡಿದು ಇರುತ್ತಿದ್ದಳು. ಶನಿವಾರ ಸಂಜೆ ಕಲ್ಯಾಣಕ್ಕೆ ಬಂದರೆ ಸೋಮವಾರ ನಸುಕಿನ ಬಸ್ಸಿಗೆ ಹೊರಡುತ್ತಿದ್ದಳು. ಎಡಗೈಯಲ್ಲಿ ಆ ಗಡಿಯಾರ, ಅವಳ ಸೋದರಮಾವ ಹೈದರಾಬಾದದ ಹಳೇ ಸಾಮಾನಿನ ಬಜಾರದಲ್ಲಿ ಹುಡುಕಿ ತಂದದ್ದು. ಡಯಲು ಬಿಳಿ ಎಂದು ಮೊದಲು ಬರೆದಿದ್ದೆ. ಈಗ ಮೇಜಿನ ಮೇಲೇ ಇದೆ, ತೆಗೆದು ನೋಡಿದೆ. ಬಿಳಿಯಲ್ಲ, ಆಕಳ ತುಪ್ಪದ ಬಣ್ಣ. ಚರ್ಮದ ಸಪೂರ ಪಟ್ಟಿ. ಗಡಿಯಾರವಿದ್ದ ಕೈಗೆ ಅವಳು ಬಳೆ ಹಾಕುತ್ತಿರಲಿಲ್ಲ, ಗಾಜಿಗೆ ಗಾಜು ತಾಗಿ ಗೀರು ಬೀಳುತ್ತದೆ ಎಂದು. ಬಳೆಗಳೆಲ್ಲ ಬಲಗೈಗೆ.

ಅವ್ವನಿಗೆ ಇದು ಸೇರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಬಸುರಿಯರ ಕುಬಸಕ್ಕೆ ಬಳೆ ಇಡಿಸಲು ಮೊದಲು ಕರೆಯುತ್ತಿದ್ದದ್ದು ಅವ್ವನನ್ನು. ಎಂಥ ಸಣ್ಣ ಬಳೆಯನ್ನೂ ಒಡೆಯದೆ ಏರಿಸುವ ಕೈ ಅವಳದು. ಅಂಥವಳ ಸೊಸೆಯ ಒಂದು ಕೈ ಬೋಳು.

"ಒಂದ್ ಕೈ ಮುತ್ತೈದಿದು, ಒಂದ್ ಕೈ ಮಾಸ್ತರಂದು. ಯಾವ ಕೈಲೆ ಉಣ್ಣಾಕಿ ನೀ?" ಎಂದು ರೊಟ್ಟಿ ಬಡಿಯುತ್ತಲೇ ಅವ್ವ ಕುಟುಕುತ್ತಿದ್ದಳು.

"ಮಾಸ್ತರ ಕೈಲೆ ಗಳಸ್ತೀನ್ರಿ ಅತ್ತಿ, ಮುತ್ತೈದಿ ಕೈಲೆ ಉಣತೀನಿ."

"ಬಾಯಿ ನೋಡ್ರಿ ಮಾಸ್ತರಬಾಯಿದು!"

ಇಬ್ಬರೂ ನಗುತ್ತಿದ್ದರು. ಆದರೆ ಮುಂದಿನ ಶನಿವಾರ ಅದೇ ಮಾತು ಮತ್ತೆ ಬರುತ್ತಿತ್ತು, ಅದರ ಮುಂದಿನ ಶನಿವಾರವೂ. ಎಷ್ಟನೆಯ ಸಲಕ್ಕೆ ಅವಳು ನಗುವುದನ್ನು ಬಿಟ್ಟಳೋ ನಾನು ಗಮನಿಸಲಿಲ್ಲ.

ಇನ್ನು ನನ್ನ ಪಾಲಿನದು.

ಸೋಮವಾರ ನಸುಕಿನಲ್ಲಿ ಅವಳು ಮಿಂದು ಪೂಜೆಗೆ ಕೂರುತ್ತಿದ್ದಳು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ಆ ಕೈಗೆ ಚರ್ಮದ ಪಟ್ಟಿ ಸಲ್ಲದು. ಅದಕ್ಕೆ ಗಡಿಯಾರವನ್ನು ಬಿಚ್ಚಿ ನಡುಮನೆಯ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಪೂಜೆ ಮುಗಿಯುವವರೆಗೆ ಗಡಿಯಾರಕ್ಕೆ ಕಾವಲಿರಲಿಲ್ಲ. ನಾನು ಎದ್ದು ಹೋಗಿ, ಉಗುರಿನಿಂದ ಚಾವಿಯನ್ನು ಹೊರಗೆಳೆದು, ಮುಳ್ಳನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುವಿ, ಮತ್ತೆ ಒಳಗೊತ್ತಿ ಇಟ್ಟೆ. ಮನೆಯಲ್ಲಿ ಬೇರೆ ಗಡಿಯಾರವಿರಲಿಲ್ಲ. ಅವಳು ನಿಧಾನವಾಗಿ ಚಹಾ ಕುಡಿದು, ಚೀಲ ಹಿಡಿದು ಹೊರಟು, ಅರ್ಧ ಗಂಟೆಗೆ ತಿರುಗಿ ಬಂದಳು.

"ಬಸ್ ಹೋತ್ರಿ. ಕಂಡಕ್ಟರಂದು ಮುಂದದನೋ, ನಂದೇ ಹಿಂದದನೋ!"

"ಕಂಡಕ್ಟರಂದೇ ಮುಂದಿರಬೇಕು," ಎಂದೆ.

ಅವಳು ನಕ್ಕಳು. ನಕ್ಕಳೇ? ಈ ನಗುವನ್ನು ನಾನು ಆಮೇಲೆ ಒಂದು ಕಥೆಯಲ್ಲಿ ಬರೆದುಬಿಟ್ಟೆ. ಈಗ ನೆನಪಿಗೆ ಬರುವುದು ಕಥೆಯ ನಗು. ಅದರ ಕೆಳಗೆ ಏನಿತ್ತೋ ಕೆದಕಲು ಆಗುತ್ತಿಲ್ಲ. ಇಷ್ಟು ಮಾತ್ರ ಖರೆ: ಮುಂದಿನ ಬಸ್ಸು ಮಧ್ಯಾಹ್ನಕ್ಕೆ ಇತ್ತು. ಅಷ್ಟು ಹೊತ್ತು ಅವಳು ನನ್ನವಳಾಗಿದ್ದಳು. ನಾನು ಕಚೇರಿಗೆ ತಡವಾಗಿ ಹೋದೆ. ಕಿಟಕಿಯ ಹತ್ತಿರ ಕುಳಿತು ಅವಳು ನನ್ನ ಬರಹ ತಿದ್ದಿದಳು.

ಹೀಗೆ ಮೂರು ಸಲ ಮಾಡಿದೆ. ನಡುವೆ ತಿಂಗಳುಗಟ್ಟಲೆ ಬಿಟ್ಟು, ಅನುಮಾನ ಬಾರದ ಹಾಗೆ. ಮೂರನೆಯ ಸಲ ಎಳೆದಾಗ ಚಾವಿ ಕೈಗೇ ಬಂತು. ಒಳಗಿಂದ ಅವಳ ಮಂತ್ರದ ಗುನುಗು ಕೇಳುತ್ತಿತ್ತು. ಬೆರಳ ತುದಿಯಲ್ಲಿ ಆ ಕಾಳು, ಗಡಿಯಾರದ ಬದಿಯಲ್ಲಿ ಬೋಳು ಕಡ್ಡಿ. ಕಡ್ಡಿಯನ್ನೇ ಉಗುರಿನಿಂದ ತಿರುವಿ ಮುಳ್ಳನ್ನು ಹಿಂದೆ ಸರಿಸಿದೆ. ಅಷ್ಟಾದರೂ ನಿಲ್ಲಿಸಲಿಲ್ಲ ನಾನು. ಆಮೇಲೆ ಚಾವಿಯನ್ನು ಕಡ್ಡಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಕೂತಿತು. ಕೂತಂತೆ ಕಂಡಿತು.

ಮುಂದಿನ ಶನಿವಾರ ಬಂದವಳು ಉಣ್ಣುವಾಗ ಹೇಳಿದಳು: "ಹುಡುಗೇರ ಎದುರಿಗೇ ಜವಾಬ್ ಬರಸ್ಕೊಂಡ್ರು ದೊಡ್ಡಬಾಯಾರು. ಗಡಿಯಾರ ಹಿಂದ ಬಿದ್ದಿತ್ತು ಅಂತ ಬರದು ಸೈ ಮಾಡೀನಿ." ಮುಖ್ಯೋಪಾಧ್ಯಾಯಿನಿಯನ್ನು ಅವರು ದೊಡ್ಡಬಾಯಿ ಅನ್ನುತ್ತಿದ್ದರು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಆಮೇಲೆ ಗಡಿಯಾರ ಮುಟ್ಟಲಿಲ್ಲ. ಮುಟ್ಟಬೇಕೆಂದರೂ ಆಗುತ್ತಿರಲಿಲ್ಲ. ಅವಳು ಅದನ್ನು ಗೂಡಿನಲ್ಲಿ ಇಡುವುದನ್ನೇ ಬಿಟ್ಟಳು. ಶಾಲೆಯ ಚೀಲದೊಳಗೆ ಹಾಕಿ, ಚೀಲವನ್ನು ಕಣ್ಣೆದುರಿಗೇ ಗೋಡೆಗೆ ತೂಗುಹಾಕಿ ಪೂಜೆಗೆ ಕೂರುತ್ತಿದ್ದಳು.

ಇದನ್ನು ನಾನು ಆಗಲೇ ಕಂಡಿದ್ದೆನೇ, ಇಲ್ಲ ಬಹಳ ವರ್ಷಗಳ ನಂತರ ನನಗೆ ಬೇಕಾಗಿ ಆ ಚೀಲವನ್ನು ಅಲ್ಲಿ ತೂಗುಹಾಕಿದೆನೇ, ಆಣೆ ಮಾಡಿ ಹೇಳಲಾರೆ.

ಅದಾಗಿ ಎರಡನೆಯ ವರ್ಷಕ್ಕೆ ಅವಳಿಗೆ ಕಾಮಾಲೆಯಾಯಿತು. ಹುಮನಾಬಾದದ ಖೋಲಿಯಲ್ಲೇ ಮಲಗಿದ್ದಳು. ಕಣ್ಣು ಹಳದಿಯಾದದ್ದು ಯಾರಿಗೂ ಹೇಳದೆ ಒಂದು ವಾರ ಶಾಲೆಗೆ ಹೋಗಿದ್ದಳಂತೆ. ಕಲ್ಯಾಣಕ್ಕೆ ಕರೆತಂದ ನಾಲ್ಕನೆಯ ದಿನ ತೀರಿಕೊಂಡಳು. ಮಕ್ಕಳಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಅವರ ಲಿಂಗ ಇಡುತ್ತಾರೆ. ಮುತ್ತೈದೆಯಾಗಿ ಹೋದವಳಾದ್ದರಿಂದ ಹಸಿರು ಬಳೆ ಬಂದವು, ಎರಡೂ ಕೈಗೆ. ಏರಿಸಬೇಕಾದವಳು ಅವ್ವನೇ. ಎಡಗೈಯಲ್ಲಿ ಗಡಿಯಾರ ಇನ್ನೂ ಇತ್ತು. ಕೈ ಬಾತಿತ್ತು, ಪಟ್ಟಿಯ ಕೊಂಡಿ ಬಿಚ್ಚಿಬರಲಿಲ್ಲ. ಅವ್ವ ಅಳುತ್ತಲೇ ಅದನ್ನು ಮುಂಗೈಯಿಂದ ಕೆಳಕ್ಕೆ ಜಾರಿಸಿ ಎಳೆದಳು. ಹೆಬ್ಬೆರಳ ಬುಡಕ್ಕೆ ಸಿಕ್ಕಿತು. ಮತ್ತೆ ಎಳೆದಳು. ಗಡಿಯಾರ ಹೊರಗೆ ಬಂತು, ಚಾವಿ ಕಳಚಿ ಹಾಸಿದ ಕಂಬಳಿಯ ಮೇಲೆ ಬಿತ್ತು.

ಅವ್ವ ಅಳು ನಿಲ್ಲಿಸಿದಳು. ಚಾವಿಯನ್ನು ಹೆಕ್ಕಿ ಅಂಗೈಯಲ್ಲಿಟ್ಟು ನೋಡಿದಳು. ಆಮೇಲೆ ಸೊಸೆಯ ಮುಖ ನೋಡಿ ಕೇಳಿದಳು: "ಇದನ್ನೂ ಮುರದ್ನೇನ ನಾ?"

ಅಲ್ಲಿಂದ ಎರಡು ಮಾರು ದೂರದಲ್ಲಿ ನಾನು ನಿಂತಿದ್ದೆ. ಇಲ್ಲವ್ವ, ಅದು ಮೊದಲೇ ಕಿತ್ತಿತ್ತು, ನಾನು ಕಿತ್ತಿದ್ದು. ಇಷ್ಟೇ ಹೇಳಬೇಕಿತ್ತು. ಅಷ್ಟು ಜನರ ನಡುವೆ ಆ ಮಾತು ಹೇಗೆ ಆಡುವುದು ಅಂದುಕೊಂಡೆ. ಮೂರನೆಯ ದಿನ ಹೇಳಿದರಾಯಿತು ಅಂದುಕೊಂಡೆ. ಮೂರನೆಯ ದಿನ ಹೇಳಬೇಕಾದರೆ ಮೊದಲ ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕು. ತಿಂಗಳಾದ ಮೇಲೆ ತಿಂಗಳಿನ ಮೌನಕ್ಕೆ ಕಾರಣ ಕೊಡಬೇಕು. ಹೀಗೆ ದಿನಕ್ಕೊಂದು ದಿನ ಸೇರಿ ಅದು ಬೆಳೆಯುತ್ತ ಹೋಯಿತು.

ಅವ್ವ ಚಾವಿಯನ್ನು ತನ್ನ ಕುಂಕುಮದ ಕರಡಿಗೆಯಲ್ಲಿ ಇಟ್ಟಳು. ಹಣೆಗೆ ಹಚ್ಚಿಕೊಳ್ಳುವಾಗ ದಿನಾ ಕಾಣಲಿ ಎಂದು. ಕುಬಸಕ್ಕೆ ಕರೆಯಲು ಬಂದವರಿಗೆ "ನನ್ನ ಕೈ ಬ್ಯಾಡವ್ವ, ಇದು ಮುರ್ಯೂ ಕೈ" ಎಂದು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದಳು. ಕರೆದು ಕರೆದು ಸಾಕಾಗಿ ಓಣಿಯವರು ಬೇರೆಯವರನ್ನು ಹುಡುಕಿಕೊಂಡರು. ಹಬ್ಬದ ದಿನಗಳಲ್ಲಿ ಬಳೆಗಾರ ಬಂದರೆ ಅವ್ವ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ವರ್ಷಕ್ಕೊಮ್ಮೆ ನನ್ನನ್ನು ಕೇಳುತ್ತಿದ್ದಳು: "ತಮ್ಮಾ, ಅದನ್ನ ಸರಿ ಮಾಡಸ್ಕೊಂಡು ಬಾರಲ್ಲ." ನಾನು ಆಗಲಿ ಅನ್ನುತ್ತಿದ್ದೆ. ಗಡಿಯಾರ ನನ್ನ ಟ್ರಂಕಿನಲ್ಲಿ ಹಳೆಯ ಶರ್ಟಿನ ಒಳಗೆ ಇತ್ತು. ಅದು ನಡೆಯತೊಡಗಿದರೆ ನಾನು ಬಾಯಿ ಬಿಡಬೇಕಾದೀತು ಎಂಬ ಭಯ.

ಹನ್ನೆರಡು ವರ್ಷವಾದ ಮೇಲೆ, ಎಂಬತ್ತರ ಆಸುಪಾಸಿನಲ್ಲಿ, ಅವ್ವನ ಕಣ್ಣಿಗೆ ಪೊರೆ ಬಂತು. ಒಂದು ದಿನ ಕರಡಿಗೆ ತೆರೆದು ಚಾವಿಯನ್ನು ತಡಕಿ ತೆಗೆದು ನನ್ನ ಕೈಗೆ ಕೊಟ್ಟಳು. "ಕಣ್ಣು ಪೂರಾ ಹೋಗೂದ್ರಾಗ ಅದು ನಡಿಯೂದು ಒಮ್ಮೆ ನೋಡ್ತೀನಿ. ಇಲ್ಲಂದ್ರ ಮ್ಯಾಲ ಹೋಗಿ ಆಕಿಗೆ ಏನಂತ ಮಾರಿ ತೋರಿಸ್ಲಿ?"

ಮರುದಿನ ಹುಮನಾಬಾದಕ್ಕೆ ಹೋದೆ. ಊರ ಹತ್ತಿರ ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಬಹಳ ಹೊತ್ತು ತೆವಳಿತು. ಅವಳು ಹೋದ ಮೇಲೆ ಆ ಊರಿನಲ್ಲಿ ನಾನು ಇಳಿದಿರಲಿಲ್ಲ. ಬಸ್ ನಿಲ್ದಾಣದಿಂದ ಅವಳ ಶಾಲೆಗೆ ಹೋಗುವ ದಾರಿಯಲ್ಲೇ, ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ, ಗಡಿಯಾರ ರಿಪೇರಿಯ ಮುದುಕರೊಬ್ಬರು ಕೂರುತ್ತಿದ್ದರು. ಮೂವತ್ತು ವರ್ಷದಿಂದ ಅಲ್ಲೇ ಇದ್ದೇನೆ ಅಂದರು.

"ಎಷ್ಟು ದಿನಾತ್ರಿ ಸಾಹೇಬ್ರ, ಇದು ನಿಂತು?"

"ಹನ್ನೆರಡು ವರ್ಷ."

"ಅಬಾಬಾ! ನಿಮ್ಮ ಮನ್ಯಾಗ ಯಾರಿಗೂ ಟೈಮ್ ಬೇಕಾಗಿದ್ದಿಲ್ಲೇನ್ರಿ?" ಎಂದು ನಗುತ್ತ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರು. "ಯಾರ ಕೈಯಾಗ ಮುರೀತು ಚಾವಿ?"

"ನಮ್ಮ ಅವ್ವನ ಕೈಯಾಗ," ಅಂದೆ. ಗುರುತಿಲ್ಲದ ಮನುಷ್ಯನ ಮುಂದೆಯೂ ಎಷ್ಟು ಸಲೀಸಾಗಿ ಬಂತು ಆ ಮಾತು.

ಅವರು ಚಾವಿಯನ್ನು ಚಿಮಟದಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. "ಅವ್ವಾರ ಮ್ಯಾಲ ಯಾಕ ಹಾಕ್ತೀರಿ ಪಾಪ. ಇದು ಮುರದಿಲ್ರಿ, ಕಳಚೇದ. ಒಳಗಿನ ತಿರುಪಿನ ಗೆರಿ ಭಾಳ ಮೊದಲೇ ಸವದು ಹೋಗ್ಯಾವ. ಹೊರಗ ಎಳದು ಎಳದು ಯಾರೋ ಕೆಡಿಸ್ಯಾರ. ಆಮ್ಯಾಲ ಮತ್ಯಾರೋ ಲಾಖ ಹಾಕಿ ಕೂಡಿಸ್ಯಾರ ನೋಡ್ರಿ."

ಮಸೂರವನ್ನು ನನಗೆ ಕೊಟ್ಟರು. ಚಾವಿಯ ಪುಟ್ಟ ಕುಳಿಯೊಳಗೆ ಕೆಂಪಗೆ ಏನೋ ಹೆಪ್ಪುಗಟ್ಟಿತ್ತು. ಅವರು ಸೂಜಿಯೊಂದನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಕಾಯಿಸಿ ಅದರ ಅಂಚಿಗೆ ತಾಗಿಸಿದರು. ಎಳೆಯಷ್ಟು ಹೊಗೆ ಎದ್ದಿತು. ಆ ವಾಸನೆ ನನಗೆ ಗೊತ್ತು. ಕಚೇರಿಯಲ್ಲಿ ಲಕೋಟೆಗಳಿಗೆ ಮುದ್ರೆ ಒತ್ತುವ ಅರಗು. ಶಾಲೆಗಳಲ್ಲಿ ವಾರ್ಷಿಕ ಪರೀಕ್ಷೆಯ ಕಟ್ಟುಗಳಿಗೂ ಅದನ್ನೇ ಕರಗಿಸಿ ಹಾಕುತ್ತಾರೆ.

"ನಮ್ಮಂಥವ್ರ ಕೆಲಸ ಅಲ್ಲ ಇದು," ಅಂದರು ಮುದುಕರು. "ಆದ್ರ ಕೈ ಭಾಳ ಶಿಸ್ತಿಂದು. ಒಂದ್ ಹನಿ ಹೊರಗ ಚೆಲ್ಲಿಲ್ಲ. ಹಿಂಗ ಕೂಡಿಸಿದ್ರ ಚಾವಿ ತುಂಬಾಕ ಬರ್ತದ್ರಿ. ಹೊರಗ ಎಳದ್ರ ಮಾತ್ರ ಕಿತ್ತು ಬರ್ತದ. ಅಂದ್ರ ಇದನ್ನ ಕಟ್ಕೋತಿದ್ದ ಬಾಯಾರು ಆಮ್ಯಾಲ ಮುಳ್ಳು ತಿರುವಿಲ್ಲ. ತಪ್ಪು ಟೈಮಿನ ಮ್ಯಾಲೇ ಲೆಕ್ಕ ಹಾಕ್ಕೋತ ನಡಿಸ್ಯಾರ. ಒಂದ್ ವ್ಯಾಳೆ ನಿಂತಿದ್ರ, ಆ ಮುಳ್ಳಿನ ಟೈಮ್ ತಿರುಗಿ ಬರೂತನಕ ಕಾದು ಕುಂತು ಚಾವಿ ತುಂಬಿರಬೇಕು."

ನಾನು ಮಸೂರವನ್ನು ತಿರುಗಿ ಕೊಟ್ಟೆ.

"ನಂದು ಒಂಬತ್ತು ನಿಮಿಷ ಹಿಂದದ." ಅವಳ ದನಿ ಹಾಗೇ ಕೇಳಿತು. ಹೊತ್ತು ಕೇಳಿದರೆ ಗಡಿಯಾರ ನೋಡಿ, ತಡೆದು, ಮನಸ್ಸಿನಲ್ಲೇ ಕೂಡಿಸಿ ಹೇಳುತ್ತಿದ್ದಳು. ನನ್ನ ಇಪ್ಪತ್ತನ್ನು ಹಾಗೆ ಕಾದು ತುಂಬಿಯೇ ಒಂಬತ್ತಕ್ಕೆ ತಂದಿದ್ದಳೇನೋ. ಒಂಬತ್ತು ಹನ್ನೊಂದಾಯಿತು, ಹದಿನಾಲ್ಕಾಯಿತು. "ಮುಳ್ಳು ಸರಿ ಮಾಡ್ಕೊಳ್ಳಬಾರದೇನು?" ಎಂದು ಒಮ್ಮೆ ಕೇಳಿದ್ದೆ. ಕೇಳುವಷ್ಟು ಧೈರ್ಯ ಇತ್ತು ನನಗೆ. "ಇರ್ಲಿ ಬಿಡ್ರಿ, ರೂಢಿ ಆಗೇದ," ಎಂದಿದ್ದಳು. ಹಾಗೆ ಹೇಳುವಾಗ ನನ್ನನ್ನು ನೋಡಿದಳೋ ಇಲ್ಲವೋ, ನೆನಪಿನಲ್ಲಿ ಎಷ್ಟು ಸಲ ಆ ಕೋಣೆಗೆ ತಿರುಗಿ ಹೋದರೂ ಅವಳ ಮುಖ ಕಿಟಕಿಯ ಕಡೆಗೇ ಇರುತ್ತದೆ.

ಅವಳಿಗೆ ಗೊತ್ತಿತ್ತು. ದಿನವೂ ಎರಡು ಸಲ ಈ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದವಳು ಒಂದು ದಿನವೂ ಮೆಟ್ಟಿಲ ಕೆಳಗೆ ಬಗ್ಗಿ ಗಡಿಯಾರ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಈ ಮುದುಕರು ಮೊದಲು ಕೇಳುತ್ತಿದ್ದದ್ದು ಅದನ್ನೇ. ಯಾರ ಕೈಯಾಗ ಮುರೀತು? ಅದಕ್ಕೆ ಉತ್ತರ ಹೇಳುವುದು ಅವಳಿಗೆ ಬೇಕಿರಲಿಲ್ಲ. ಪರೀಕ್ಷೆಯ ಕಟ್ಟಿಗೆ ಮುದ್ರೆ ಹಾಕುವಾಗ ಒಂದು ಹನಿ ಉಳಿಸಿಕೊಂಡು, ನಾನು ಕೆಡಿಸಿದ್ದನ್ನು ತಾನೇ ಕೂಡಿಸಿಕೊಂಡಿದ್ದಳು.

ಮುದುಕರು ಒಂದು ಡಬ್ಬಿಯನ್ನು ಕಾಗದದ ಮೇಲೆ ಸುರುವಿದರು. ಯಾವ ಯಾವುದೋ ಗಡಿಯಾರದ ಚಾವಿಗಳು. ಏಳೆಂಟನ್ನು ಹಚ್ಚಿ ನೋಡಿ ಒಂದನ್ನು ಆರಿಸಿದರು. ಕಡ್ಡಿ ಬದಲಿಸಿ, ಎಣ್ಣೆ ಹಾಕಿ, ಮಧ್ಯಾಹ್ನದ ಹೊತ್ತಿಗೆ ಕೊಟ್ಟರು. ಹೊಸ ಚಾವಿ ಸ್ವಲ್ಪ ದೊಡ್ಡದು, ಹಳದಿ ಹೊಳಪಿನದು. ಹಳೆಯ ಗಡಿಯಾರಕ್ಕೆ ಒಪ್ಪಲಿಲ್ಲ. ಆದರೆ ನಡೆಯಿತು.

"ಹಳೇದು ಒಗೀಲೇನ್ರಿ?"

"ಬ್ಯಾಡ್ರಿ, ಕೊಡ್ರಿ," ಅಂದೆ. ಅದರ ಕುಳಿಯಲ್ಲಿ ಕೆಂಪು ಇನ್ನೂ ಉಳಿದಿತ್ತು. ಅವ್ವನಿಗೆ ತೋರಿಸಲು ನನ್ನ ಹತ್ತಿರ ಸಾಕ್ಷಿ ಇತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಗೆ ಹೇಳುವುದೆಂದು ಯೋಚಿಸಲಿಲ್ಲ. ಯೋಚಿಸಿದರೆ ಅದು ಕಥೆಯಾಗುತ್ತದೆ ಎಂದು ಹೆದರಿದೆ.

ಅವ್ವ ಗಡಿಯಾರವನ್ನು ಕಿವಿಗೆ ಒತ್ತಿಕೊಂಡಳು. ಪೊರೆ ಬಂದ ಕಣ್ಣುಗಳಿಂದ ನೀರು ಇಳಿಯಿತು.

"ನಡೀತದ," ಅಂದಳು. "ನಡೀತದ ನೋಡು."

ಆಗ ಹೇಳಿದೆ. ಸೋಮವಾರಗಳು, ಗೂಡು, ಇಪ್ಪತ್ತು ನಿಮಿಷ, ಕೈಗೆ ಬಂದ ಚಾವಿ, ಅರಗು. ಎಲ್ಲವನ್ನೂ. "ನೀ ಮುರದಿಲ್ಲವ್ವ. ನಾ ಮುರದದ್ದು. ಆಕಿ ಕೂಡಿಸಿದ್ಲು. ಹನ್ನೆರಡು ವರ್ಷ ಸುಮ್ಮನಿದ್ದೆ."

ಅವ್ವ ಕೇಳಿಸಿಕೊಂಡಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟಳು.

"ಹುಚ್ಚಪ್ಪ. ನನ್ನ ಸಮಾಧಾನಕ್ಕ ಹೇಳಾಕತ್ತಿ."

"ಖರೇನ ಅವ್ವ. ಇಲ್ಲಿ ನೋಡು, ಕೆಂಪ ಅದಲ್ಲ, ಇದು ಲಾಖ."

"ಹನ್ನೆರಡ ವರ್ಷ ಕುಂಕುಮದಾಗ ಇದ್ದದ್ದು ಕೆಂಪ ಆಗದ ಹಸರ ಆಗ್ತದೇನೋ?"

"ಇದು ಕುಂಕುಮ ಅಲ್ಲವ್ವ. ಅಂಗಡ್ಯಾಂವ ಸುಟ್ಟು ತೋರಿಸ್ಯಾನ."

"ಅಂವಗೂ ನೀನೇ ಹೇಳಿಕೊಟ್ಟಿರಬೇಕು. ಕಥಿ ಬರಿಯಾವ ನೀ, ಇಂಥಾದ್ದೊಂದು ಕಟ್ಟೂದು ನಿನಗೇನು ದೊಡ್ಡದು?"

ನಾನು ಎದ್ದು ಒಲೆಯ ಹತ್ತಿರದಿಂದ ಕಡ್ಡಿಪೆಟ್ಟಿಗೆ ತಂದೆ. ಕುಂಕುಮವಾದರೆ ಕಪ್ಪಾಗುತ್ತದೆ, ಅರಗಾದರೆ ಕರಗುತ್ತದೆ, ವಾಸನೆ ಬರುತ್ತದೆ. ಕಣ್ಣು ಕಾಣದಿದ್ದರೂ ಮೂಗಿಗೆ ತಿಳಿಯುತ್ತದೆ. ಕಡ್ಡಿ ಗೀರಿದ ಸದ್ದಿಗೆ ಅವ್ವ ತಟ್ಟನೆ ನನ್ನ ಕೈ ತಡಕಿ ಚಾವಿಯನ್ನು ಕಸಿದುಕೊಂಡಳು. ಮುಷ್ಟಿ ಬಿಗಿದು ಎದೆಗೆ ಅಮರಿಸಿಕೊಂಡಳು.

"ಸುಡಬ್ಯಾಡ! ಆಕಿದು ನನ್ನ ಹತ್ರ ಇಷ್ಟೇ ಉಳದದ."

ಕಡ್ಡಿ ನನ್ನ ಬೆರಳಿನವರೆಗೆ ಉರಿದು ಆರಿತು. ಆ ಮುಷ್ಟಿಯನ್ನು ನಾನು ಬಿಡಿಸಬಹುದಿತ್ತು. ಮುದುಕಿ, ಶಕ್ತಿ ಇರಲಿಲ್ಲ. ಆದರೆ ಸೊಸೆಯ ಕೈಯಿಂದ ಅದನ್ನು ಎಳೆದ ಕೈ ಅದು. ಮತ್ತೆ ಎಳೆಯುವುದು ನನ್ನಿಂದಾಗಲಿಲ್ಲ. ಚಾವಿ ಮತ್ತೆ ಕರಡಿಗೆಗೆ ಹೋಯಿತು.

ಅವ್ವ ಅದಾದ ಮೇಲೆ ನಾಲ್ಕೈದು ವರ್ಷ ಇದ್ದಳು. ಗಡಿಯಾರವನ್ನು ಗೂಡಿನಲ್ಲಿ ಇಡಿಸಿಕೊಂಡಿದ್ದಳು. ನಾನು ಬೆಳಿಗ್ಗೆ ಚಾವಿ ತುಂಬುತ್ತಿದ್ದೆ, ಮುಳ್ಳು ಮಾತ್ರ ತಿರುವುತ್ತಿರಲಿಲ್ಲ. ಒಂದು ಸಂಜೆ ನಾನು ಒಳಗೆ ಬರೆಯುತ್ತ ಕುಳಿತಿದ್ದೆ. ಪಕ್ಕದ ಮನೆಯ ಹೆಣ್ಣುಮಗಳು ಮೊಮ್ಮಗಳ ಕುಬಸಕ್ಕೆ ಕರೆಯಲು ಬಂದಿದ್ದಳು. ಅವ್ವ ಎಂದಿನಂತೆ "ನನ್ನ ಕೈ ಬ್ಯಾಡವ್ವ" ಅಂದಳು. ಆಮೇಲೆ ದನಿ ತಗ್ಗಿಸಿದಳು. ಅವಳ ತಗ್ಗಿದ ದನಿ ನಡುಮನೆಗೆಲ್ಲ ಕೇಳುತ್ತಿತ್ತು.

"ನಿನಗಷ್ಟೇ ಹೇಳ್ತೀನಿ. ನನ್ನ ಸಂಕಟ ನೋಡಲಾರದ ನನ ಮಗಾ ಆ ತಪ್ಪು ತನ್ನ ಮ್ಯಾಲ ಹಾಕ್ಕೊಂಡಾನ. ತಾನೇ ಮುರದೆ ಅಂತಾನ. ಆಕಿ ಅದನ್ನ ಕೂಡಿಸಿದ್ಲು ಅಂತ ಎಷ್ಟ್ ಚಂದ ಕಟ್ಟಿ ಹೇಳ್ದ ಅಂತಿ!"

"ಇಂಥಾ ಮಗಾ ಯಾರಿಗೆ ಸಿಗ್ತಾನ್ರಿ, ಅವ್ವಾರ," ಅಂದಳು ಆ ಹೆಣ್ಣುಮಗಳು.

"ಹೌದವ್ವ," ಅಂದಳು ಅವ್ವ. ಅವಳ ದನಿಯಲ್ಲಿ ಎಷ್ಟೋ ವರ್ಷಗಳಿಂದ ಕೇಳದಿದ್ದ ಹೆಮ್ಮೆ ಇತ್ತು.

ನಾನು ಎದ್ದು ಹೊರಗೆ ಹೋಗಲಿಲ್ಲ.